ಹಣ ಕೊಟ್ಟು ಮಾಡಿಸಿದ ವೆಬ್‌ಸೈಟ್ ನಾಲ್ಕು ದಿನದಿಂದ ತೆರೆಯುತ್ತಿಲ್ಲ. ಬೇರೆಯವರಿಂದ ಹೊಸದಾಗಿ ಮಾಡಿಸಬೇಕೇ?

ಮಿಡಿಮನೆ:
ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಗೃಹೋದ್ಯಮವಿದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾರುತ್ತೇವೆ. ಎರಡು ವರ್ಷದ ಹಿಂದೆ ವೃತ್ತಿಪರರೊಬ್ಬರಿಗೆ 28,000 ರೂಪಾಯಿ ಪೂರ್ತಿಯಾಗಿ ಕೊಟ್ಟು ವೆಬ್‌ಸೈಟ್ ಮಾಡಿಸಿದ್ದೆವು. ನಾಲ್ಕು ದಿನಗಳಿಂದ ಅದನ್ನು ತೆರೆದರೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಹೊಸ ಮಿಡಿಯ ಉಪ್ಪಿನಕಾಯಿ ಈಗಷ್ಟೇ ಸಿದ್ಧವಾಗಿದೆ, ವರ್ಷದ ಅರ್ಧ ವ್ಯಾಪಾರ ನಡೆಯುವುದೇ ಈ ತಿಂಗಳುಗಳಲ್ಲಿ. ಇವರನ್ನು ಬಿಟ್ಟು ಬೇರೆಯವರಿಂದ ಮಾಡಿಸಿದರೆ ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಬೇಕು, ದಯವಿಟ್ಟು ತಿಳಿಸಿ.

ಸರ್ವರ್‌ಕೋಣೆ:
ಹೊಸ ವೆಬ್‌ಸೈಟ್ ಖಂಡಿತ ಬೇಡ. ಇದು ಎಸ್‌ಎಸ್‌ಎಲ್ ಪ್ರಮಾಣಪತ್ರದ, ಅಂದರೆ ವೆಬ್‌ಸೈಟಿನ ಸುರಕ್ಷಿತ ಸಂಪರ್ಕವನ್ನು ಖಾತ್ರಿಪಡಿಸುವ ದಾಖಲೆಯ, ಅವಧಿ ಮುಗಿದಿರುವ ಲಕ್ಷಣ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನ ಮಾತ್ರ ನಡೆಯುತ್ತದೆ; ತಾನಾಗಿ ನವೀಕರಣವಾಗುವ ವ್ಯವಸ್ಥೆ ಕೆಟ್ಟರೆ ಇದೇ ಎಚ್ಚರಿಕೆ ಬರುತ್ತದೆ. ಸಿಪ್ಯಾನಲ್‌ಗೆ ಹೋಗಿ ಎಸ್‌ಎಸ್‌ಎಲ್ ವಿಭಾಗದಲ್ಲಿ ಪ್ರಮಾಣಪತ್ರವನ್ನು ಮತ್ತೆ ಪಡೆದುಕೊಳ್ಳಿ, ಐದು ನಿಮಿಷದ ಕೆಲಸ.

ಮಿಡಿಮನೆ:
ಸಿಪ್ಯಾನಲ್ ಎಂದರೆ ಯಾವುದೆಂದು ನನಗೆ ಗೊತ್ತಾಗಲಿಲ್ಲ. ಹೊಸ ಉತ್ಪನ್ನದ ಫೋಟೊ ಹಾಕಲು ಒಂದು ಪಾಸ್‌ವರ್ಡ್ ಕೊಟ್ಟಿದ್ದಾರೆ. ಅದನ್ನು ಬಿಟ್ಟರೆ ನಮ್ಮ ಬಳಿ ಬೇರೇನೂ ಇಲ್ಲ, ಆ ಪುಟವೂ ಈಗ ತೆರೆಯುತ್ತಿಲ್ಲ.

ಸರ್ವರ್‌ಕೋಣೆ:
ಸಿಪ್ಯಾನಲ್ ಎಂದರೆ ಹೋಸ್ಟಿಂಗ್ ಖಾತೆಯನ್ನು, ಅಂದರೆ ವೆಬ್‌ಸೈಟಿನ ಕಡತಗಳಿರುವ ಬಾಡಿಗೆ ಜಾಗವನ್ನು, ನಿರ್ವಹಿಸುವ ಪುಟ. ಆ ಖಾತೆಯ ವಿವರ ಪಡೆಯದೆ ಪೂರ್ತಿ ಹಣ ಕೊಡಬಾರದಿತ್ತು. ಇರಲಿ. ನಾನು ಹನ್ನೊಂದು ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತೇನೆ. ಪ್ರತಿಯೊಂದರ ಪ್ರಮಾಣಪತ್ರವೂ ಅವಧಿ ಮುಗಿಯುವ 30 ದಿನ ಮೊದಲೇ ತಾನಾಗಿ ನವೀಕರಣವಾಗುವಂತೆ ಮಾಡಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ನಿಮ್ಮ ಕಂಪ್ಯೂಟರಿನ ದಿನಾಂಕ ಸರಿಯಾಗಿದೆಯೇ ಎಂದು ನೋಡಿ, ಬ್ರೌಸರಿನ ಕ್ಯಾಶೆ (ಅದು ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಅಳಿಸಿ, ಆಮೇಲೆ ಹೋಸ್ಟಿಂಗ್ ಕಂಪನಿಗೆ ಪ್ರಮಾಣಪತ್ರದ ಬಗ್ಗೆಯೇ ದೂರು ಕೊಡಿ.

ಘಟ್ಟದಂಚು:
ಅವಸರ ಬೇಡ. ಅಕ್ಕಾ, ಮೂರು ವಿಷಯ ತಿಳಿಸಿ. ಎಚ್ಚರಿಕೆಯ ಪುಟದಲ್ಲಿ ಪ್ರಮಾಣಪತ್ರವನ್ನು ತೆರೆದು ನೋಡಿದರೆ ಅದರಲ್ಲಿ ನಿಮ್ಮ ವೆಬ್‌ಸೈಟಿನ ಹೆಸರಿದೆಯೇ, ಬೇರೆ ಯಾವುದೋ ಹೆಸರಿದೆಯೇ? ಬೇರೆ ಫೋನಿನಲ್ಲಿಯೂ ಇದೇ ಎಚ್ಚರಿಕೆ ಬರುತ್ತದೆಯೇ? ನಿಮ್ಮ ವೆಬ್‌ಸೈಟಿನ ಹೆಸರಿನಲ್ಲೇ ಇ-ಮೇಲ್ ವಿಳಾಸವಿದ್ದರೆ ಅದು ಕೆಲಸ ಮಾಡುತ್ತಿದೆಯೇ?

ಮಿಡಿಮನೆ:
ಇ-ಮೇಲ್ ಕೂಡ ನಾಲ್ಕು ದಿನದಿಂದ ಒಂದೂ ಬಂದಿಲ್ಲ. ಅದು ಬೇರೆ ತೊಂದರೆ ಎಂದು ತಿಳಿದು ಬರೆದಿರಲಿಲ್ಲ. ನಮ್ಮವರ ಫೋನಿನಲ್ಲಿ ಎಚ್ಚರಿಕೆ ಬರುವುದಿಲ್ಲ. ಸಾಲ, ವಿಮೆ ಎಂದೆಲ್ಲ ಜಾಹೀರಾತುಗಳಿರುವ ಇಂಗ್ಲಿಷ್ ಪುಟವೊಂದು ಬರುತ್ತದೆ. ಪ್ರಮಾಣಪತ್ರದಲ್ಲಿರುವುದು ನಮ್ಮ ಹೆಸರಲ್ಲ.

ಘಟ್ಟದಂಚು:
ಹಾಗಾದರೆ ಮುಗಿದಿರುವುದು ಪ್ರಮಾಣಪತ್ರದ ಅವಧಿಯಲ್ಲ, ಡೊಮೈನ್‌ನ ಅವಧಿ, ಅಂದರೆ ನಿಮ್ಮ ವೆಬ್‌ಸೈಟಿನ ಹೆಸರಿನ ನೋಂದಣಿ. ಪ್ರಮಾಣಪತ್ರ ಮಾತ್ರ ಕೆಟ್ಟಿದ್ದರೆ ನಿಮಗೆ ಬರುವ ಪತ್ರಗಳು ನಿಲ್ಲುತ್ತಿರಲಿಲ್ಲ. ನವೀಕರಿಸದ ಹೆಸರನ್ನು ನೋಂದಣಿ ಸಂಸ್ಥೆಗಳು ತಮ್ಮ ಜಾಹೀರಾತು ಪುಟದ ಕಡೆಗೆ ತಿರುಗಿಸುತ್ತವೆ, ಆ ಪುಟಕ್ಕೆ ನಿಮ್ಮ ಹೆಸರಿನ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ ಬ್ರೌಸರ್ ಎಚ್ಚರಿಸುತ್ತದೆ. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ (ICANN) ಸಂಸ್ಥೆಯ ಡೊಮೈನ್ ಹುಡುಕುವ ಪುಟದಲ್ಲಿ ನಿಮ್ಮ ಹೆಸರನ್ನು ಹಾಕಿ, ಅವಧಿ ಮುಗಿಯುವ ದಿನಾಂಕ ಮತ್ತು ಸ್ಥಿತಿಯನ್ನು ಇಲ್ಲಿ ಬರೆಯಿರಿ.

ಹೆಸರು ಡಾಟ್ ಕಾಮ್ ಆಗಿದ್ದರೆ ಇನ್ನೂ ಸಮಯವಿದೆ. ಅವಧಿ ಮುಗಿದ ಮೇಲೆ ಗರಿಷ್ಠ 45 ದಿನದವರೆಗೆ ಸಾಮಾನ್ಯ ದರದಲ್ಲಿ ನವೀಕರಿಸಲು ಅವಕಾಶವಿರಬಹುದು, ಆದರೆ ಎಷ್ಟು ದಿನ ಎಂಬುದು ನೋಂದಣಿ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಅದಾದ ಮೇಲೆ ಹೆಸರನ್ನು ಅಳಿಸಿದರೂ 30 ದಿನ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ನಂತರದ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆರನೆಯ ದಿನ ಯಾರು ಬೇಕಾದರೂ ಕೊಳ್ಳಬಹುದು. ಹೊಸ ವಿನ್ಯಾಸದ ಮಾತು ಆಮೇಲಿರಲಿ, ಮೊದಲು ಹೆಸರು ಉಳಿಯಲಿ.

ಸರ್ವರ್‌ಕೋಣೆ:
ಫೋನಿನಲ್ಲಿ ಕಾಣುವುದು ಬೇರೆ ಎಂದು ಮೊದಲೇ ಬರೆದಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೂ ಹೆಸರು ಮರಳಿ ಬಂದ ಮೇಲೆ ಪ್ರಮಾಣಪತ್ರವನ್ನು ಒಮ್ಮೆ ಪರೀಕ್ಷಿಸಿ.

ಮಿಡಿಮನೆ:
ಡಾಟ್ ಕಾಮ್ ಹೆಸರೇ. ಅವಧಿ ಮುಗಿದು ಆರು ದಿನವಾಗಿದೆ. ಮಾಲೀಕರ ಹೆಸರಿರಬೇಕಾದಲ್ಲಿ ವಿವರವನ್ನು ಮರೆಮಾಡಲಾಗಿದೆ. ನೋಂದಣಿ ಸಂಸ್ಥೆಯ ಹೆಸರು ನೋಡಿದಾಗ ನೆನಪಾಯಿತು: ಒಂದು ತಿಂಗಳ ಹಿಂದೆ ಒಮ್ಮೆ, ಹೋದ ವಾರಕ್ಕೆ ಸ್ವಲ್ಪ ಮೊದಲು ಇನ್ನೊಮ್ಮೆ ಅದೇ ಹೆಸರಿನಿಂದ ಇಂಗ್ಲಿಷಿನಲ್ಲಿ ಪತ್ರ ಬಂದಿತ್ತು. ಗುರುತಿಲ್ಲದ ಕೊಂಡಿಯನ್ನು ಒತ್ತಬಾರದೆಂದು ಬ್ಯಾಂಕಿನವರು ಎಷ್ಟೋ ಸಲ ಹೇಳಿದ್ದರಿಂದ ಮೋಸದ ಪತ್ರವೆಂದು ಅಳಿಸಿಬಿಟ್ಟೆ. ಖಾತೆ ಇರುವುದು ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ. ಸಂಪರ್ಕಕ್ಕೆ ಕೊಟ್ಟಿರುವುದು ಈಗ ನಿಂತುಹೋಗಿರುವ ನಮ್ಮ ಇ-ಮೇಲ್ ವಿಳಾಸ. ಹೆಸರು ಬದಲಾಯಿಸೋಣವೆಂದರೆ ಉಪ್ಪಿನಕಾಯಿ ಭರಣಿಗೆ ಅಂಟಿಸುವ ಎರಡು ಸಾವಿರ ಚೀಟಿಗಳಲ್ಲಿ ಇದೇ ವಿಳಾಸ ಅಚ್ಚಾಗಿದೆ.

ಘಟ್ಟದಂಚು:
ಆ ಪತ್ರಗಳು ನಿಜವಾದವೇ ಇರಬೇಕು. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಮತ್ತು ಒಂದು ವಾರದ ಮೊದಲು ತಿಳಿಸಬೇಕೆಂದು ಐಕ್ಯಾನ್ ನಿಯಮವಿದೆ. ಖಾತೆ ಅವರದಾದ್ದರಿಂದ ಅವರ ಮೂಲಕವೇ ನವೀಕರಿಸುವುದು ಅತ್ಯಂತ ಹತ್ತಿರದ ದಾರಿ. ಅವರನ್ನು ನಿಮಗೆ ಪರಿಚಯಿಸಿದವರಿದ್ದರೆ ಅವರಿಂದ ಮಾತನಾಡಿಸಿ. ನಿಮಗೆ ಕೊಟ್ಟ ಬಿಲ್ಲಿನಲ್ಲಿ ಡೊಮೈನ್ ಎಂಬ ಪದವಿದೆಯೇ ಎಂದೂ ನೋಡಿ, ಇದ್ದರೆ ಜೋಪಾನವಾಗಿಡಿ.

ಕಡತವಾಹಿ:
ಬಿಲ್ಲಿನ ಜೊತೆಗೆ ಇನ್ನೊಂದು ಕಾಗದವನ್ನೂ ಮಾಡಿಸಿಕೊಳ್ಳಬೇಕು. ಹಣ ಕೊಟ್ಟ ಮಾತ್ರಕ್ಕೆ ವೆಬ್‌ಸೈಟಿನ ಕೋಡು (ಅದನ್ನು ನಡೆಸುವ ಕಂಪ್ಯೂಟರ್ ಬರಹ) ನಮ್ಮದಾಯಿತೆಂದು ಹೆಚ್ಚಿನವರು ನಂಬಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ. ಆದರೆ ಸ್ವತಂತ್ರವಾಗಿ ಕೆಲಸ ಮಾಡುವವರು ಬರೆದ ಕೋಡಿನ ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಅದು ನಿಮಗೆ ಬರಬೇಕಾದರೆ 19ನೇ ಕಲಮಿನಂತೆ ಬರಹದಲ್ಲಿ, ಸಹಿಯೊಂದಿಗೆ ವರ್ಗಾವಣೆಯಾಗಬೇಕು. ಆ ಬರಹದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷಕ್ಕೆ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥವಾಗುತ್ತದೆ. ಮುಂದೆ ಯಾರಿಗೇ ಒಪ್ಪಿಸಿದರೂ ಕಾಲಮಿತಿಯಿಲ್ಲದೆ, ದೇಶಮಿತಿಯಿಲ್ಲದೆ ಎಂದು ಎರಡನ್ನೂ ಬರೆಸಿಕೊಳ್ಳಿ.

ಸರ್ವರ್‌ಕೋಣೆ:
ಉಪ್ಪಿನಕಾಯಿ ಮಾರುವ ಐದು ಪುಟಕ್ಕೆ ಇಷ್ಟೆಲ್ಲ ಬೇಕೇ? ಬಹುತೇಕ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಇರುತ್ತದೆ, ಅದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ.

ಕಡತವಾಹಿ:
ವರ್ಡ್‌ಪ್ರೆಸ್ ಮುಕ್ತವಾಗಿರಬಹುದು. ಇವರಿಗಾಗಿ ಬರೆದ ವಿನ್ಯಾಸ, ಬಿಡಿಸಿದ ಲಾಂಛನ ಮುಕ್ತವಲ್ಲ. ಲಾಂಛನವೂ ಅವರದೇ ಕೆಲಸವಾಗಿದ್ದರೆ ಚೀಟಿಯ ಮೇಲಿರುವ ಚಿತ್ರದ ಹಕ್ಕೂ ಪ್ರಶ್ನೆಗೆ ಒಳಗಾಗಬಹುದು.

ಅಕ್ಷರದೀಪ:
ಹೆಸರು ಮರಳಿ ಬರುವವರೆಗೆ ಬರಹವನ್ನಾದರೂ ಉಳಿಸಿಕೊಳ್ಳೋಣವೆಂದು ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ನಿಮ್ಮ ಹಳೆಯ ಪುಟಗಳನ್ನು ತೆರೆದೆ. ಅಲ್ಲಿ ಇದಕ್ಕಿಂತ ದೊಡ್ಡ ದೋಷ ಕಂಡಿತು. ಕನ್ನಡ ಬರಹವನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಆ ಫಾಂಟನ್ನೇ ಪುಟಕ್ಕೆ ಜೋಡಿಸಿದ್ದಾರೆ. ಕಣ್ಣಿಗೆ ಕನ್ನಡವೇ ಕಾಣುತ್ತದೆ, ನಕಲು ಮಾಡಿದರೆ ರೋಮನ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಅಲ್ಲದ ಕಾರಣ ಗೂಗಲ್‌ನಲ್ಲಿ ಕನ್ನಡದಲ್ಲೇ ‘ಅಪ್ಪೆಮಿಡಿ’ ಎಂದು ಹುಡುಕುವವರಿಗೆ ನಿಮ್ಮ ಬರಹ ಸಿಗುವ ದಾರಿಯೇ ಇರಲಿಲ್ಲ. ಎರಡು ವರ್ಷ ಹೀಗೆಯೇ ಕಳೆದಿರುವುದು ನನಗೆ ನಿಜವಾಗಿ ನೋವು ತಂದಿತು.

ಘಟ್ಟದಂಚು:
ಅಕ್ಷರದೀಪ ಅವರೇ, ಮಾತು ಸರಿ, ಆದರೆ ಇಲ್ಲಿ ಡೊಮೈನ್ ಕೈತಪ್ಪುವ ಹಂತದಲ್ಲಿದೆ. ಫಾಂಟಿನ ಚರ್ಚೆಯನ್ನು ಬೇರೆ ಎಳೆಯಲ್ಲಿ ಮಾಡಬಹುದಲ್ಲ.

ಅಕ್ಷರದೀಪ:
ಬೇರೆ ಎಳೆ ಬೇಡ. ಹೊಸಬರಿಗೆ ಕೆಲಸ ಒಪ್ಪಿಸಬೇಕೇ ಎಂದು ಅವರು ಕೇಳಿದ್ದಾರೆ, ಒಪ್ಪಿಸುವಾಗ ಮೊದಲು ಕೇಳಬೇಕಾದದ್ದು ಇದೇ. ಮಾದರಿ ಪುಟದಿಂದ ಒಂದು ಸಾಲು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ ನೋಡಿದರೆ ಸಾಕು, ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇರುವ ಬರಹವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕಾಗುತ್ತದೆ.

ಮಿಡಿಮನೆ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಪರಿಚಯಿಸಿದವರ ಮೂಲಕ ವೆಬ್‌ಸೈಟ್ ಮಾಡಿಕೊಟ್ಟ ವಿನ್ಯಾಸಕಾರರು ಸಿಕ್ಕರು. ತಂದೆಯವರ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದರಂತೆ. ಅಲ್ಲಿಂದಲೇ ಒಂದು ವರ್ಷಕ್ಕೆ ನವೀಕರಿಸಿದರು, ಹಣ ನಾನು ಕಳುಹಿಸಿದೆ. ಸಂಜೆಗೆ ಇ-ಮೇಲ್ ಬರತೊಡಗಿತು. ಮರುದಿನ ವೆಬ್‌ಸೈಟ್ ನಮ್ಮಲ್ಲಿ ತೆರೆಯಿತು, ಬೆಂಗಳೂರಿನ ಕೆಲವು ಗಿರಾಕಿಗಳಿಗೆ ಮಾತ್ರ ಇನ್ನೂ ಜಾಹೀರಾತು ಪುಟವೇ ಕಾಣುತ್ತಿದೆಯಂತೆ. ಹೆಸರನ್ನು ನಮಗೆ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಅದನ್ನು ಹೇಗೆ ಪಡೆಯಬೇಕು?

ಘಟ್ಟದಂಚು:
ಬೆಂಗಳೂರಿನವರಿಗೆ ಕಾಣುತ್ತಿರುವುದು ಡಿಎನ್‌ಎಸ್‌ನ, ಅಂದರೆ ವೆಬ್‌ಸೈಟಿನ ಹೆಸರು ಯಾವ ಸರ್ವರಿನದೆಂದು ತಿಳಿಸುವ ವ್ಯವಸ್ಥೆಯ, ಹಳೆಯ ನೆನಪು, ಒಂದೆರಡು ದಿನದಲ್ಲಿ ಸರಿಯಾಗುತ್ತದೆ. ಅದೇ ನೋಂದಣಿ ಸಂಸ್ಥೆಯಲ್ಲಿ ನಿಮ್ಮ ಹೆಸರಿನಲ್ಲಿ ಖಾತೆ ತೆರೆದು, ಅವರ ಖಾತೆಯಿಂದ ನಿಮ್ಮ ಖಾತೆಗೆ ಹೆಸರನ್ನು ದಾಟಿಸಿಕೊಳ್ಳಿ. ಸಂಪರ್ಕಕ್ಕೆ ಜಿಮೇಲ್‌ನಂತಹ ಬೇರೆ ವಿಳಾಸ ಕೊಡಿ, ಇದೇ ಹೆಸರಿನ ಇ-ಮೇಲ್ ಮತ್ತೆ ಕೊಡಬೇಡಿ.

ಸರ್ವರ್‌ಕೋಣೆ:
ಕಡಿಮೆ ದರದ ಬೇರೆ ಸಂಸ್ಥೆಗೆ ನೇರವಾಗಿ ವರ್ಗಾಯಿಸುವುದು ಉತ್ತಮ. ಅವರಿಂದ ವರ್ಗಾವಣೆ ಸಂಕೇತ (ಹೆಸರನ್ನು ಬೇರೆ ಸಂಸ್ಥೆಗೆ ಒಯ್ಯಲು ಬೇಕಾದ ಗುಪ್ತಪದ) ಕೇಳಿ ಪಡೆಯಿರಿ.

ಘಟ್ಟದಂಚು:
ಅವರು ಆಸ್ಪತ್ರೆಯಲ್ಲಿರುವಾಗ ಅನುಮತಿಯ ಪತ್ರಗಳ ಓಡಾಟ ಹೆಚ್ಚಿಸಬಾರದು. ಮಾಲೀಕರ ಹೆಸರು ಬದಲಾದ ಮೇಲೆ ಬೇರೆ ಸಂಸ್ಥೆಗೆ ಹೋಗಲು 60 ದಿನದ ತಡೆ ಬೀಳಬಹುದು ನಿಜ, ಆದರೆ ವೆಬ್‌ಸೈಟ್ ನಡೆಯಲು ಅದರಿಂದ ಅಡ್ಡಿಯಿಲ್ಲ.

ಮಿಡಿಮನೆ:
ಖಾತೆ ತೆರೆದಿದ್ದೇನೆ. ಅವರು ಈ ರಾತ್ರಿ ದಾಟಿಸುವುದಾಗಿ ಹೇಳಿದ್ದಾರೆ. ಬರಹವನ್ನು ಯೂನಿಕೋಡಿಗೆ ತಂದು, ಪುಟಗಳ ಮತ್ತು ಡೇಟಾಬೇಸಿನ ಪ್ರತಿಯನ್ನು ನಮಗೊಂದು ಪೆನ್‌ಡ್ರೈವಿನಲ್ಲಿ ಕೊಡುವ ಕೆಲಸವನ್ನೂ ಅವರಿಗೇ ಒಪ್ಪಿಸೋಣವೆಂದಿದ್ದೇನೆ, ಈ ಸಲ ಬರಹದಲ್ಲಿ. ಇಂತಹ ಕೆಲಸಕ್ಕೆ ಪುಟದ ಲೆಕ್ಕದಲ್ಲಿ ಹಣ ಕೊಡುತ್ತಾರೆಯೇ, ಒಟ್ಟಾಗಿ ಮಾತಾಡುತ್ತಾರೆಯೇ?