ಮಯೆಲಿನ್ ಹಚ್ಚಿದ ತಟ್ಟೆಯಲ್ಲೂ ನರತಂತು ಉದ್ದ ಬೆಳೆಯುತ್ತಿದೆ, ತಡೆ ಯಾಕೆ ಕಾಣುತ್ತಿಲ್ಲ?

ಕೋಶಕುತೂಹಲಿ:
ಎಲ್ಲರಿಗೂ ನಮಸ್ಕಾರ. ಇಲಿಯ ಬೆನ್ನುಹುರಿ ಪಕ್ಕದ ನರಗಂಟು, ಅಂದರೆ ಡಿಆರ್‌ಜಿ, ಅದರ ಕೋಶಗಳನ್ನು ಮಯೆಲಿನ್ (ನರತಂತುವನ್ನು ಸುತ್ತುವ ಕೊಬ್ಬಿನ ಹೊದಿಕೆ) ಹಚ್ಚಿದ ತಟ್ಟೆಯಲ್ಲಿ ಬೆಳೆಸುತ್ತಿದ್ದೇನೆ. ಮಯೆಲಿನ್‌ನಲ್ಲಿ ನೋಗೋ-ಎ, ಮ್ಯಾಗ್, ಓಎಂಜಿಪಿ ಎಂಬ ತಡೆ ಪ್ರೋಟೀನ್‌ಗಳಿವೆ. ಹಾಗಾಗಿ ತಂತುಗಳು ಗಿಡ್ಡ ಆಗಬೇಕು ಅಲ್ವಾ? ನನ್ನಲ್ಲಿ ಉಲ್ಟಾ. ಕೋಶ ಅಂಟಲೆಂದು ಬರೀ ಪಾಲಿ-ಲೈಸಿನ್ ಹಚ್ಚಿದ ತಟ್ಟೆಗಿಂತ ಇಲ್ಲೇ ಸ್ವಲ್ಪ ಜಾಸ್ತಿ ಉದ್ದ ಬರುತ್ತಿವೆ. ಏನು ನೋಡಲಿ?

ಲೇಪನ:
ತಂತು ಬೆಳೆಯಲು ನೆರವಾಗುವ ಲ್ಯಾಮಿನಿನ್ ಪ್ರೋಟೀನ್ ಹಾಕಿದ್ದೀರಾ? ಅದು ಹೆಚ್ಚಾದರೆ ಬೆಳವಣಿಗೆಯ ಸೂಚನೆ ತಡೆಯನ್ನು ಮುಚ್ಚಿಬಿಡುತ್ತದೆ. ಮಯೆಲಿನ್ ಎಲ್ಲ ಕಡೆ ಒಂದೇ ಸಮ ಕೂತಿದೆಯೇ ಅಂತ ಮ್ಯಾಗ್‌ಗೆ ಅಂಟಿ ಬಣ್ಣ ತೋರಿಸುವ ಆಂಟಿಬಾಡಿ ಹಾಕಿ ನೋಡಿ. ಖಾಲಿ ಜಾಗ ಇದ್ದರೆ ತಂತು ಅಲ್ಲೇ ನುಗ್ಗುತ್ತದೆ.

ಕೋಶಕುತೂಹಲಿ:
ಲ್ಯಾಮಿನಿನ್ ಇಲ್ಲ. ಆಂಟಿಬಾಡಿ ಬಣ್ಣ ಸಮವಾಗಿಯೇ ಬಂದಿದೆ. ಕೋಶಗಳು ಭ್ರೂಣದ ಇಲಿಯವು. ರಾತ್ರಿಯಿಡೀ ಎನ್‌ಜಿಎಫ್‌ನಲ್ಲಿಟ್ಟು (ನರಕೋಶ ಬೆಳೆಸುವ ಪ್ರೋಟೀನ್), ಬೆಳಿಗ್ಗೆ ಮಯೆಲಿನ್ ಮೇಲೆ ಹಾಕುತ್ತೇನೆ. ದ್ರಾವಣದಲ್ಲಿ ಫಾರ್ಸ್ಕೋಲಿನ್ ಕೂಡ ಇದೆ.

ನರತುದಿ:
ಹಾಗಾದರೆ ತೊಂದರೆ ಲೇಪನದಲ್ಲಿಲ್ಲ, ಕೋಶದೊಳಗಿದೆ. ನೀವು ಹೇಳಿದ ಮೂರೂ ವಿಷಯ (ಭ್ರೂಣದ ಕೋಶ, ಎನ್‌ಜಿಎಫ್, ಫಾರ್ಸ್ಕೋಲಿನ್) ಒಂದೇ ಕಡೆ ಸೇರುತ್ತವೆ: ಕೋಶದೊಳಗೆ ಸುದ್ದಿ ಸಾಗಿಸುವ ಸಣ್ಣ ಅಣು ಸೈಕ್ಲಿಕ್ ಎಎಂಪಿ.

ಮಯೆಲಿನ್‌ನ ಆ ಮೂರು ತಡೆ ಪ್ರೋಟೀನ್‌ಗಳೂ ನರಕೋಶದ ಮೇಲಿನ ಎನ್‌ಜಿಆರ್1 ಗ್ರಾಹಕಕ್ಕೆ ಅಂಟುತ್ತವೆ. ಈ ಗ್ರಾಹಕಕ್ಕೆ ಕೋಶದ ಒಳಗೆ ಚಾಚಿದ ಭಾಗವೇ ಇಲ್ಲ. ಸುದ್ದಿ ಒಳಗೆ ಹೋಗಬೇಕಾದರೆ ಲಿಂಗೋ-1, ಅದರ ಜೊತೆ ಪಿ75 ಅಥವಾ ಟ್ರಾಯ್, ಎಂಬ ಜೊತೆ ಪ್ರೋಟೀನ್‌ಗಳಿರಬೇಕು. ಆಮೇಲೆ ಕೋಶದೊಳಗಿನ ರೋ-ಎ ಪ್ರೋಟೀನ್ ಎದ್ದು, ರಾಕ್ ಕಿಣ್ವವನ್ನು ಎಬ್ಬಿಸುತ್ತದೆ. ತಂತುವಿನ ತುದಿಯಲ್ಲಿ ಬೆರಳಿನಂತೆ ಚಾಚಿಕೊಂಡಿದ್ದ ಆಕ್ಟಿನ್ ಎಳೆಗಳು ಕುಸಿದು, ತುದಿ ಮುದುಡಿಕೊಳ್ಳುತ್ತದೆ. ಸೈಕ್ಲಿಕ್ ಎಎಂಪಿ ಜಾಸ್ತಿ ಇದ್ದರೆ ಪಿಕೆಎ ಕಿಣ್ವ ರೋ-ಎಯನ್ನು ಅದುಮಿಡುತ್ತದೆ.

ಭ್ರೂಣದ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಮಟ್ಟ ಸಹಜವಾಗಿಯೇ ಹೆಚ್ಚು. ಅವುಗಳಿಗೆ ಮ್ಯಾಗ್ ತಡೆಯೇ ಅಲ್ಲ, ಬೆಳೆಯಲು ಉತ್ತೇಜನ! ಇಲಿಯ ಡಿಆರ್‌ಜಿಯಲ್ಲಿ ಹುಟ್ಟಿ 3-4 ದಿನಕ್ಕೆ ಇದು ತಿರುಗಿ, ಮ್ಯಾಗ್ ತಡೆಯಾಗುತ್ತದೆ. ನಿಮ್ಮ ತಟ್ಟೆಯಲ್ಲಿ ಉದ್ದ ಜಾಸ್ತಿ ಬಂದದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನಗನಿಸುತ್ತದೆ. ಮೊದಲೇ ಎನ್‌ಜಿಎಫ್‌ನಲ್ಲಿ ನೆನೆಸಿದರೂ ಸೈಕ್ಲಿಕ್ ಎಎಂಪಿ ಏರುತ್ತದೆ. ಫಾರ್ಸ್ಕೋಲಿನ್ ಇರುವುದೇ ಅದನ್ನು ಏರಿಸಲು.

ಬೆಳೆದ ಇಲಿಯ ಕೋಶ ತೆಗೆದುಕೊಳ್ಳಿ, ಫಾರ್ಸ್ಕೋಲಿನ್ ಬಿಡಿ, ನೆನೆಸದೆ ನೇರ ಮಯೆಲಿನ್ ಮೇಲೆ ಹಾಕಿ. ತಂತು ಗಿಡ್ಡ ಆದರೆ ಇನ್ನೊಂದು ತಟ್ಟೆಗೆ ರಾಕ್ ತಡೆಯುವ ವೈ-27632 ಸೇರಿಸಿ. ಉದ್ದ ವಾಪಸ್ ಬಂದರೆ ನೀವು ಕಂಡದ್ದು ನಿಜವಾದ ತಡೆ. ಬರದಿದ್ದರೆ ಕೋಶಗಳು ಸುಮ್ನೆ ಸೊರಗಿರಬಹುದು.

ಕೋಶಕುತೂಹಲಿ:
ತುಂಬಾ ಉಪಕಾರ. ಎನ್‌ಜಿಎಫ್ ಇಲ್ಲದೆ ಕೋಶ ಸಾಯುವುದಿಲ್ಲವೇ?

ನರತುದಿ:
ಭ್ರೂಣದವು ಸಾಯುತ್ತವೆ. ಬೆಳೆದ ಇಲಿಯ ಡಿಆರ್‌ಜಿ ಕೋಶಗಳು ಅದಿಲ್ಲದೆಯೂ ತಟ್ಟೆಯಲ್ಲಿ ಬದುಕುತ್ತವೆ, ಧೈರ್ಯವಾಗಿ ತೆಗೆಯಿರಿ.