ಮಗಳಿಗೆ ‘ಪಂಪಾ’ ಅಂತ ಹೆಸರಿಡಬಹುದಾ? ತಿಳಿದವರು ಹೇಳ್ರಿ

ಗಂಗಾವತಿಯಿಂದ ಪ್ರಶ್ನೆ: ಹೆಣ್ಣುಮಗು, ಮುಂದಿನ ವಾರ ತೊಟ್ಟಿಲ ಕಾರ್ಯ ಐತಿ. ‘ಪಂಪಾ’ ಅಂತ ಇಡೋ ಮನಸ್ಸು. ಹಿರಿಯರು "ಎಲ್ಲಾರೂ ಪಂಪು, ಪಂಪ್‌ಸೆಟ್ಟು ಅಂತಾರ, ಬ್ಯಾಡ" ಅಂತಾರ. ಈ ಹೆಸರು ಈಗ ಎಷ್ಟು ಬಳಕೆಯಾಗೈತಿ? ಹೊರಗಿನವರು ಹೆಂಗ ಕರೀತಾರ? ಇಂಗ್ಲಿಷಿನ್ಯಾಗ ಹೆಂಗ ಬರೀಬೇಕು?

ಆನೆಗೊಂದಿ: ಅಪರೂಪದ ಹೆಸರು ಅನ್ನೋದು ಅರ್ಧ ಮಾತ್ರ ಖರೆ. ಪಂಪಾಪತಿ, ಪಂಪನಗೌಡ, ಪಂಪಣ್ಣ, ಪಂಪಮ್ಮ, ಹಂಪಮ್ಮ, ಹಂಪಯ್ಯ ಈ ಭಾಗದಾಗ ಎಲ್ಲಿ ನೋಡಿದ್ರೂ ಸಿಗ್ತಾರ. ಹಿಂದ ಮುಂದ ಏನೂ ಇಲ್ಲದ ಬರೀ ‘ಪಂಪಾ’ ವಿರಳ. ತುಂಗಭದ್ರೆಯ ಹಳೇ ಹೆಸರು ಅದು, ವಿರೂಪಾಕ್ಷನ ಮಡದಿಯ ಹೆಸರೂ ಅದೇ. ಪಂಪಾ ಸರೋವರ ನಿಮ್ಮ ತಾಲ್ಲೂಕಿನಾಗೇ ಐತಿ, ಹಿಂಗಾಗಿ ಊರಾಗ ಯಾರಿಗೂ ಬಿಡಿಸಿ ಹೇಳೋ ಕೆಲಸ ಇಲ್ಲ. ಆದ್ರ ಓಣ್ಯಾಗ ಅದು ಪಂಪವ್ವ, ಪಂಪಮ್ಮ ಆಗೇ ಆಗ್ತೈತಿ. ಅಜ್ಜಿ ಕಾಲದ ಹೆಸರು ಅನ್ನಿಸಿದ್ರೂ ನಡೀತೈತಿ ಅನ್ನೋರು ಇಡ್ರಿ.

ಸಿಂಧನೂರು: ಬಳಕೆ ನೋಡಾಕ ಮತದಾರರ ಪಟ್ಟಿ ತಗೀರಿ, ಚುನಾವಣಾಧಿಕಾರಿಗಳ ಜಾಲತಾಣದಾಗ ಮತಗಟ್ಟೆವಾರು ಸಿಗ್ತದ. ಹುಡುಕಾಟದ ಖಾನೇಲಿ ಹೆಸರು ಹಾಕಿದ್ರ ಸಿಗೂದಿಲ್ಲ, ಪುಟಗಳು ಚಿತ್ರದ ರೂಪದಾಗ ಇರ್ತಾವ, ಕಣ್ಣಾಡಿಸೇ ನೋಡಬೇಕು. ಹೆಸರಿನ ಎದುರಿಗೆ ವಯಸ್ಸು ಇರ್ತದ. ಅರವತ್ತು ದಾಟಿದವರೇ ಹೆಚ್ಚಿದ್ರ ಹೆಸರು ಹಿಂದ ಸರದದ ಅಂತ ತಿಳೀರಿ. ಈಗಿನ ಕೂಸುಗಳ ಹೆಸರು ಬೇಕಂದ್ರ ಅಂಗನವಾಡಿ ಟೀಚರನ್ನ ಕೇಳ್ರಿ. ಅಮೆರಿಕದಾಗ ಸರ್ಕಾರವೇ ವರ್ಷಾ ವರ್ಷಾ ಹೆಸರಿನ ಪಟ್ಟಿ ಬಿಡ್ತದ, ನಮಗ ಆ ಅನುಕೂಲ ಇಲ್ಲ.

ಬಳ್ಳಾರಿ: ಉಚ್ಚಾರದ ತೊಂದರೆ ಇರೋದು ಕೊನೇ ದೀರ್ಘದಲ್ಲಿ. ಬೇಗ ಮಾತಾಡುವಾಗ ಕಡೇ ಸ್ವರ ಸವೆದು ‘ಪಂಪ’ ಆಗುತ್ತೆ, ತೆಲುಗು ಮನೆಗಳಲ್ಲಂತೂ ‘ಸೀತ’, ‘ಗೀತ’ ಅಂತ ಹ್ರಸ್ವವೇ ರೂಢಿ. ಹಂಗೆ ಅಂದರೆ ಆದಿಕವಿ ಪಂಪ, ಗಂಡಸಿನ ಹೆಸರು. ಇನ್ನೂ ಸವೆದರೆ ಬೋರ್‌ವೆಲ್ ಪಂಪು. ಹಿರಿಯರ ಅಂಜಿಕೆ ಸುಮ್ಮನೆ ಅಲ್ಲ. ತಡೆಯೋಕೆ ಒಂದು ದಾರಿ, ಮನೇಲಿ ಕರೆಯೋ ಹೆಸರನ್ನ ಮೊದಲೇ ಗಟ್ಟಿ ಮಾಡೋದು: ‘ಪಂಪೀ’ ಅಥವಾ ‘ಪಂಪಕ್ಕ’. ಮನೆಯವರು ಕರೆದದ್ದನ್ನೇ ಓಣಿ ಮಕ್ಕಳೂ ಹಿಡೀತಾರೆ. ಬಂಗಾಳದಲ್ಲಿ ಇದು ಹೆಂಗಸರಿಗೆ ರೂಢಿಯಲ್ಲಿರೋ ಹೆಸರು, ಅಲ್ಲಿ ‘ಪೊಂಪಾ’ ಅಂತ ಕೇಳಿಸುತ್ತೆ. ತಮಿಳರ ಬಾಯಲ್ಲಿ ‘ಪಂಬಾ’.

ರಾಯಚೂರು: ಇಂಗ್ಲಿಷಿನಾಗ ಪಿ-ಎ-ಎಂ-ಪಿ-ಎ ಸಾಕು. ಮೊದಲನೇ ‘ಎ’ ಬದಲು ‘ಯು’ ಹಾಕಿದ್ರ ಪಂಪು ಅಂತ ನೀವೇ ಬರದುಕೊಟ್ಟಂಗ. ಕೊನೀಗೆ ಎರಡು ‘ಎ’ ಹಾಕಿದ್ರ ಉಚ್ಚಾರ ಸರಿ ಕೂಡ್ತದ, ಆದ್ರ ಒಂದು ದಾಖಲೇಲಿ ಎರಡು, ಇನ್ನೊಂದರಾಗ ಒಂದು ಅಂತ ಆಗಿ ಮುಂದ ಅಫಿಡವಿಟ್ ಮಾಡಿಸ್ಕೋತ ಕೂಡಬೇಕಾಗ್ತದ.

ಸಿರುಗುಪ್ಪ: ‘ಪಂಪಾಶ್ರೀ’ ಅಂತ ಇಡಿ, ದೀರ್ಘ ನಡುವೆ ಬರೋದರಿಂದ ಸವೆಯಲ್ಲ.

ಆನೆಗೊಂದಿ: ಶ್ರೀ ಹಚ್ಚಿದ್ರ ಶಾಲ್ಯಾಗ ಭಾಗ್ಯಶ್ರೀ, ವಿಜಯಶ್ರೀ ಸಾಲಿನಾಗ ಇದೂ ಒಂದಾಗ್ತೈತಿ. ಅಪರೂಪದ ಹೆಸರು ಯಾತಕ್ಕ ಹುಡುಕಿದ್ರಿ ಮತ್ತ?

ಕೊಪ್ಪಳ: ಹೆಸರು ಗಟ್ಟಿಯಾಗದಿದ್ರ ಅವಸರ ಬ್ಯಾಡ. ಜನನ ನೋಂದಣಿ 21 ದಿನದೊಳಗ ಆಗಲಿ, ಹೆಸರಿನ ಖಾನೆ ಖಾಲಿ ಬಿಡಬಹುದು. ನೋಂದಣಿ ಆದ 12 ತಿಂಗಳೊಳಗ ಶುಲ್ಕ ಇಲ್ಲದೆ ಸೇರಿಸ್ತಾರ, ಆಮೇಲೆ ದಂಡ ಶುಲ್ಕ ಕಟ್ಟಿ 15 ವರ್ಷದ ತನಕ ಅವಕಾಶ ಐತಿ. ಒಮ್ಮೆ ಬರೆಸಿದ ಹೆಸರು ಬದಲಿಸೋದು ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೂ ಈ ಪ್ರಮಾಣಪತ್ರವೇ ಆಧಾರ. ಅದು ಕನ್ನಡ, ಇಂಗ್ಲಿಷ್ ಎರಡರಾಗೂ ಇರ್ತೈತಿ, ಬಾಯಿಲೆ ಹೇಳಬ್ಯಾಡ್ರಿ. ಚೀಟಿಯೊಳಗ ಎರಡೂ ಲಿಪಿ ಬರದು ಕೊಡ್ರಿ, ಅಂತಿಮ ಮಾಡೋ ಮುಂಚೆ ಪರದೆ ತೋರಿಸಾಕ ಹೇಳ್ರಿ. ‘ಪಾ’ ಹೋಗಿ ‘ಪ’ ಆಗಿರೋದು ಅಲ್ಲೇ ಕಣ್ಣಿಗೆ ಬೀಳ್ತೈತಿ.

ರಾಯಚೂರು: ಮನೆತನದ ಹೆಸರನ್ನೂ ಈಗಲೇ ಸೇರಿಸ್ರಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಇಲ್ಲ ಅಂತ ಯುಎಇ 2022ರ ನವೆಂಬರ್‌ದಾಗ ನಿಯಮ ಮಾಡ್ಯದ. ದುಬೈಗೆ ಹೋಗೋ ಮಂದಿ ನಮ್ಮ ಕಡೆ ಕಮ್ಮಿ ಇಲ್ಲ.