‘ದಿ ಎಬಿಸಿ ಮರ್ಡರ್ಸ್’ ಎಂಟನೇ ಕ್ಲಾಸಿನ ಮಗಳಿಗೆ ಕೊಡಬಹುದಾ? ಓದಿದವರು ಹೇಳಿ

ಕೇಳಿದವರು, ತುಮಕೂರು:
ಅಜ್ಜಿ ಮನೆಯ ಅಟ್ಟದಲ್ಲಿ ನನ್ನ ತಮ್ಮನ ಹಳೇ ಪುಸ್ತಕದ ಡಬ್ಬ ಸಿಕ್ಕಿತು. ಅದರಿಂದ ಮಗಳು ಅಗಾಥಾ ಕ್ರಿಸ್ಟಿಯ ‘ದಿ ಎಬಿಸಿ ಮರ್ಡರ್ಸ್’ ಎತ್ತಿಕೊಂಡು ಬಂದಿದ್ದಾಳೆ. ಸಾಲಾಗಿ ಕೊಲೆ ಮಾಡುವವನ ಕಥೆಯಂತೆ. ನಾನು ಪತ್ತೇದಾರಿ ಓದಿದವಳಲ್ಲ. ಅವಳಿಗೆ 13 ವರ್ಷ, ರಾತ್ರಿ ಹೊತ್ತು ಹೆದರಿಕೆ ಸ್ವಲ್ಪ ಜಾಸ್ತಿ. ಕೊಡಲಾ, ಇನ್ನೆರಡು ವರ್ಷ ಎತ್ತಿಡಲಾ? ನಿಮ್ಮ ಅನುಭವ ಬರೆಯಿರಿ. ಕೊಲೆಗಾರ ಯಾರು ಅಂತ ಮಾತ್ರ ಹೇಳಬೇಡಿ, ಉತ್ತರಗಳನ್ನು ಅವಳೂ ಓದುತ್ತಾಳೆ.

ಹುಬ್ಬಳ್ಳಿಯಿಂದ:
ಧೈರ್ಯವಾಗಿ ಕೊಡಿ ಅಕ್ಕಾ. ನಾನು ಓದಿದ್ದು ಒಂಬತ್ತನೇ ಕ್ಲಾಸಿನಲ್ಲಿ. ರಕ್ತ ಸುರಿಯುವುದನ್ನು ಬಣ್ಣಿಸಿ ಬಣ್ಣಿಸಿ ಬರೆಯುವ ಪುಸ್ತಕ ಇದಲ್ಲ. ಕೊಲೆ ನಡೆಯುವುದನ್ನು ನಾವು ನೋಡುವುದೇ ಇಲ್ಲ, ಆದ ಮೇಲೆ ಹೋಗುತ್ತೇವೆ.

ಮೈಸೂರಿನಿಂದ:
ಮೂರು ಸಲ ಓದಿದ್ದೇನೆ. ಮೊದಲನೇ ಸಲ ಹಾಸ್ಟೆಲಿನಲ್ಲಿ, ರೂಮಿನ ಗೆಳತಿಗೆ ಗಟ್ಟಿಯಾಗಿ ಓದಿ ಹೇಳುತ್ತಾ. ಕಥೆ ಶುರುವಾಗುವುದು ಒಂದು ಕಾಗದದಿಂದ. ಪತ್ತೇದಾರ ಪಾಯಿರೋನಿಗೆ ಎಬಿಸಿ ಅಂತ ಸಹಿ ಹಾಕಿದ ಕಾಗದ ಬರುತ್ತದೆ, ಈ ತಿಂಗಳ 21ಕ್ಕೆ ಆಂಡೋವರ್ ಊರಿನ ಕಡೆ ಗಮನ ಇಡು ಅಂತ. ಹೇಳಿದ ದಿನವೇ ಅಲ್ಲಿ ಆಲಿಸ್ ಆಶರ್ ಎಂಬ ಮುದುಕಿಯ ಕೊಲೆ. ಆಮೇಲೆ ಬೆಕ್ಸ್‌ಹಿಲ್‌ನಲ್ಲಿ ಬೆಟ್ಟಿ ಬರ್ನಾರ್ಡ್. ಆಮೇಲೆ ಚರ್ಸ್ಟನ್‌ನಲ್ಲಿ ಸರ್ ಕಾರ್ಮೈಕೆಲ್ ಕ್ಲಾರ್ಕ್. ಊರು, ಹೆಸರು ಎರಡೂ ಅಕ್ಷರಮಾಲೆಯ ಸಾಲಿನಲ್ಲೇ. ಪ್ರತಿ ಸಲವೂ ಹೆಣದ ಹತ್ತಿರ ಒಂದು ಎಬಿಸಿ ರೈಲ್ವೆ ಗೈಡ್. ಅದು ಇಂಗ್ಲೆಂಡಿನಲ್ಲಿ ನಿಜವಾಗಿಯೂ ಮಾರಾಟವಾಗುತ್ತಿದ್ದ ಪುಸ್ತಕ, ನಮ್ಮ ರೈಲ್ವೆ ಟೈಮ್ ಟೇಬಲ್ ಇದ್ದ ಹಾಗೆ, ಸ್ಟೇಷನ್‌ಗಳ ಹೆಸರು ಅಕ್ಷರದ ಸಾಲಿನಲ್ಲಿ. ಇಷ್ಟು ಹೇಳಿದರೆ ತಪ್ಪಿಲ್ಲ, ಪುಸ್ತಕದ ಬೆನ್ನ ಮೇಲೇ ಇರುತ್ತದೆ.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಆ ಲೆಕ್ಕಾಚಾರಕ್ಕಲ್ಲ. ಆಲಿಸ್ ಆಶರ್ ಯಾರು? ಹೊಗೆಸೊಪ್ಪು, ಸಿಗರೇಟು ಮಾರುವ ಸಣ್ಣ ಅಂಗಡಿ ಇಟ್ಟುಕೊಂಡವಳು. ಕುಡುಕ ಗಂಡ ಆಗಾಗ ಬಂದು ಬೈದು ದುಡ್ಡು ಕಿತ್ತುಕೊಂಡು ಹೋಗುತ್ತಿದ್ದ. ಅವಳು ಸತ್ತ ಮೇಲೆ ಪಾಯಿರೋ ಅವಳ ಮನೆ ನೋಡುತ್ತಾನೆ. ತೇಪೆ ಹಾಕಿದ ಬಟ್ಟೆ, ಹಳೇ ಫೋಟೊ. ಪಾಯಿರೋನ ಗೆಳೆಯ ಹೇಸ್ಟಿಂಗ್ಸ್ ಕಥೆ ಹೇಳುತ್ತಿರುತ್ತಾನೆ, ನಾವು ಅವನ ಹಿಂದೆ ನಿಂತು ಆ ಕೋಣೆ ನೋಡುತ್ತೇವೆ. ನಮ್ಮ ಬೀದಿಯ ಕೊನೆಯಲ್ಲಿ ಬೀಡಿ, ಬೆಂಕಿಪೊಟ್ಟಣ ಮಾರುವ ಅಜ್ಜಿಯೊಬ್ಬರಿದ್ದರು. ಓದುವಾಗ ನನಗೆ ಅವರೇ ಕಣ್ಣ ಮುಂದೆ ಬಂದರು. ಕೊಲೆಗಾರನಿಗೆ ಅವಳು ಬರೀ ಒಂದು ಅಕ್ಷರ, ನಮಗೆ ಹಾಗಾಗುವುದಿಲ್ಲ. ಪತ್ತೇದಾರಿ ಓದುವಾಗ ಸತ್ತವರಿಗಾಗಿ ಅಳು ಬಂದಿದ್ದು ನನಗೆ ಅದೇ ಮೊದಲು.

ಇನ್ನೊಂದು ಜಾಗ ಇದೆ, ಮಗಳು ಅಲ್ಲಿಗೆ ಬಂದಾಗ ನೀವೂ ಓದಿ. ಬೆಟ್ಟಿ ಕಡಲ ತೀರದ ಊರಿನ ಕೆಫೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಸತ್ತ ಮೇಲೆ ಅಪ್ಪ, ಅಮ್ಮ, ಎಲ್ಲರೂ ಅವಳು ಬಂಗಾರದಂಥವಳು ಅನ್ನುತ್ತಾರೆ. ಲಂಡನ್ನಿನಿಂದ ಬಂದ ಅಕ್ಕ ಮೇಗನ್ ಒಬ್ಬಳೇ ನನ್ನ ತಂಗಿ ಶುದ್ಧ ಪೆದ್ದಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಪಾಯಿರೋ ಅಷ್ಟು ಹೊತ್ತು ಹುಡುಕುತ್ತಿದ್ದದ್ದು ಆ ಮಾತನ್ನೇ. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳಿದರೆ ಪತ್ತೇದಾರನಿಗೆ ಏನು ಸಿಗುತ್ತದೆ, ಅಲ್ವಾ? ಆದರೆ ಮೇಗನ್ ಆ ಮಾತು ಹೇಳುವುದು ಸಿಟ್ಟಿನಿಂದಲ್ಲ, ಪ್ರೀತಿಯಿಂದ. ಅದನ್ನು ನಾಲ್ಕು ಸಾಲಿನಲ್ಲಿ ಗೊತ್ತು ಮಾಡಿಸುತ್ತಾರೆ ಕ್ರಿಸ್ಟಿ.

ಧಾರವಾಡದಿಂದ:
ಮೈಸೂರಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನನಗೆ ಪುಸ್ತಕ ಪೂರ್ತಿ ಹಿಡಿಸಲಿಲ್ಲ. ಮೂರನೇ ಕೊಲೆ ಆದ ಮೇಲೆ ಸತ್ತವರ ಕಡೆಯವರೆಲ್ಲಾ ಸೇರಿ ಒಂದು ಗುಂಪು ಕಟ್ಟಿ ಪಾಯಿರೋನಿಗೆ ಸಹಾಯಕ್ಕೆ ನಿಲ್ಲುತ್ತಾರೆ. ಅಲ್ಲಿ ಮಾತು ಜಾಸ್ತಿ, ಕಥೆ ನಿಂತಲ್ಲೇ ನಿಲ್ಲುತ್ತದೆ. ನಾನು ಅಲ್ಲೇ ಒಂದು ವಾರ ಮುಚ್ಚಿಟ್ಟಿದ್ದೆ. ಮತ್ತೆ ತೆಗೆದಾಗ ಡಾನ್‌ಕಾಸ್ಟರ್‌ನ ಕುದುರೆ ರೇಸಿನ ದಿನ ಬಂತು, ಆಮೇಲೆ ಕೆಳಗಿಡಲಿಲ್ಲ. ಮಗಳು ನಡುವೆ ಬೇಜಾರು ಅಂದರೆ ಅಲ್ಲಿವರೆಗೆ ದಾಟಿಸಿ. ಪಾಯಿರೋ ಬೆಲ್ಜಿಯಂನವನು, ನಡುನಡುವೆ ಫ್ರೆಂಚ್ ಮಾತು ಉದುರಿಸುತ್ತಾನೆ. ಅದು ಅರ್ಥವಾಗದಿದ್ದರೂ ಏನೂ ತಪ್ಪಿಹೋಗುವುದಿಲ್ಲ.

ಶಿವಮೊಗ್ಗದಿಂದ:
ಹೆದರಿಕೆ ವಿಷಯ ಬಿಟ್ಟು ಬೇರೆ ಒಂದು ಹೇಳಬೇಕು ಮೇಡಂ. ಎರಡನೇ ಅಧ್ಯಾಯದಲ್ಲೇ ಕಸ್ಟ್ ಎಂಬ ಬಡಪಾಯಿ ಬರುತ್ತಾನೆ. ಉಳಿದ ಕಥೆಯನ್ನು ಹೇಸ್ಟಿಂಗ್ಸ್ ಹೇಳಿದರೆ, ಇವನಿರುವ ಅಧ್ಯಾಯಗಳನ್ನು ಬೇರೆ ದನಿಯಲ್ಲಿ ಹೇಳಿದೆ. ಯುದ್ಧದಲ್ಲಿ ಏಟು ತಿಂದವನು, ಮನೆ ಮನೆಗೆ ಹೋಗಿ ಕಾಲುಚೀಲ ಮಾರುತ್ತಾನೆ. ತಲೆನೋವು, ಫಿಟ್ಸ್, ಆಗಾಗ ಏನು ನಡೆಯಿತು ಅನ್ನುವುದೇ ನೆನಪಿರುವುದಿಲ್ಲ. ನಮ್ಮ ತಂದೆಯವರಿಗೂ ಫಿಟ್ಸ್ ಇತ್ತು. ಬಂದು ಹೋದ ಮೇಲೆ ಸುತ್ತ ನಿಂತವರ ಮುಖ ನೋಡಿ, ನಾನು ಏನಾದರೂ ಮಾಡಿದೆನಾ ಅಂತ ಮೆಲ್ಲಗೆ ಕೇಳುತ್ತಿದ್ದರು. ಕಸ್ಟ್ ಹೆದರಿ ಕೂತಿರುವ ಪುಟಗಳನ್ನು ಓದುವಾಗ ನನಗೆ ಆ ಮುಖವೇ ಕಂಡಿತು, ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಪುಸ್ತಕ ಬಂದದ್ದು 1936ರಲ್ಲಿ. ಅದರಲ್ಲಿ ಜನ ಹುಚ್ಚ, ತಲೆ ಕೆಟ್ಟವನು ಅಂತ ಸಲೀಸಾಗಿ ಮಾತಾಡುತ್ತಾರೆ. ಫಿಟ್ಸ್ ಇದ್ದವರು ಅದೇ ಕಾರಣಕ್ಕೆ ಯಾರನ್ನೂ ಕೊಲ್ಲುವವರಾಗುವುದಿಲ್ಲ ಅನ್ನುವುದನ್ನು ಓದುವ ಮೊದಲೇ ಮಗಳಿಗೆ ಒಂದು ಮಾತು ಹೇಳಿಬಿಡಿ. ಅವಳ ಕ್ಲಾಸಿನಲ್ಲೇ ಅಂಥ ಮಗು ಇರಬಹುದು. ಹೀಗಂದೆ ಅಂತ ಪುಸ್ತಕ ಕೊಡಬೇಡಿ ಅನ್ನುತ್ತಿಲ್ಲ, ಖಂಡಿತ ಕೊಡಿ. ಕಸ್ಟ್ ಬಗ್ಗೆ ಪಾಯಿರೋ ಕೊನೆಯವರೆಗೂ ಎಷ್ಟು ಮರ್ಯಾದೆಯಿಂದ ಮಾತಾಡುತ್ತಾನೆ ಅನ್ನುವುದನ್ನು ಅವಳೇ ನೋಡಲಿ.

ದುಬೈನಿಂದ:
ಟಿವಿಯಲ್ಲಿ ನೋಡಿದರಾಯಿತು ಅಂದುಕೊಂಡರೆ ದಯವಿಟ್ಟು ಪುಸ್ತಕ ಮೊದಲು. ಡೇವಿಡ್ ಸುಶೇ ಪಾಯಿರೋ ಆಗಿರುವ 1992ರದ್ದನ್ನು ಆಮೇಲೆ ಮಕ್ಕಳ ಜೊತೆ ಕೂತು ನೋಡಬಹುದು. 2018ರಲ್ಲಿ ಬಿಬಿಸಿ ಮೂರು ಕಂತಿನಲ್ಲಿ ಮಾಡಿದ್ದು ಬೇರೆಯೇ ತರಹ. ಜಾನ್ ಮಾಲ್ಕೊವಿಚ್ ಪಾಯಿರೋ. ಹೇಸ್ಟಿಂಗ್ಸ್ ಇಲ್ಲವೇ ಇಲ್ಲ, ಕತ್ತಲೆ, ಕೊಳಕು, ನೋವು ಎಲ್ಲಾ ಜಾಸ್ತಿ. ನನಗೆ ಇಷ್ಟವಾಯಿತು. 13ರ ಹುಡುಗಿಗೆ ಈಗ ಬೇಡ.

ಹಾಸನದಿಂದ:
ಇಂಟರ್ನೆಟ್ಟಿನಲ್ಲಿ ಪುಸ್ತಕದ ಹೆಸರು ಹುಡುಕಬೇಡ ಅಂತ ಮಗಳಿಗೆ ಹೇಳಿ. ನನಗೆ ಕಾಲೇಜಿನಲ್ಲಿ ಒಬ್ಬ ಸೀನಿಯರ್ ಬಸ್ಸಿನಲ್ಲಿ ನಿಂತುಕೊಂಡೇ ಕೊನೆ ಹೇಳಿಬಿಟ್ಟ, ಇನ್ನೂ ಬೇಸರವಿದೆ. ಬದಲಿಗೆ ಒಂದು ನೋಟ್‌ಬುಕ್ ಕೊಡಿ. ಜೂನ್ 21, ಜುಲೈ 25, ಆಗಸ್ಟ್ 30, ಸೆಪ್ಟೆಂಬರ್ 11, ಎಬಿಸಿಯ ಕಾಗದಗಳಲ್ಲಿ ಬರುವ ಈ ನಾಲ್ಕು ತಾರೀಖು ಬರೆದು, ಪ್ರತಿಯೊಂದರ ಎದುರಿಗೆ ಕಾಗದ ಯಾವಾಗ ಕೈಸೇರಿತು, ಯಾರು ಎಲ್ಲಿದ್ದರು ಅಂತ ತುಂಬುತ್ತಾ ಹೋಗಲಿ. ನನ್ನ ಮಗ ಹಾಗೆ ಮಾಡಿ, ಪಾಯಿರೋ ಎಲ್ಲರನ್ನೂ ಕೂರಿಸಿ ಹೇಳುವುದಕ್ಕೆ ಮುಂಚೆಯೇ ಅರ್ಧ ಹಿಡಿದಿದ್ದ.

ಕೇಳಿದವರು, ತುಮಕೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಕೊಟ್ಟೆ. ಶಿವಮೊಗ್ಗದವರು ಹೇಳಿದ ಮಾತನ್ನು ಮೊದಲು ಹೇಳಿದೆ, ಅವಳ ಕ್ಲಾಸಿನಲ್ಲಿ ನಿಜವಾಗಿಯೂ ಒಬ್ಬ ಹುಡುಗ ಇದ್ದಾನಂತೆ, ನನಗೆ ಗೊತ್ತೇ ಇರಲಿಲ್ಲ. ಹಗಲು ಮಾತ್ರ ಓದಬೇಕು ಅಂತ ಒಪ್ಪಂದ ಆಗಿತ್ತು. ನಿನ್ನೆ ರಾತ್ರಿ ಒಂಬತ್ತೂವರೆಗೆ ಅಡುಗೆಮನೆಗೆ ಬಂದು, ಮೇಗನ್ ಹಾಗೆ ಹೇಳಿದ್ದು ಸರೀನಾ ಅಮ್ಮಾ ಅಂತ ಕೇಳಿದಳು. ಪಾತ್ರೆ ಹಾಗೇ ಬಿಟ್ಟು ಆ ಪುಟ ನಾನೂ ಓದಿದೆ. ಈಗ ಪುಸ್ತಕದಲ್ಲಿ ಎರಡು ಗುರುತು ಇವೆ, ಅವಳದು ಮುಂದೆ, ನನ್ನದು ಹಿಂದೆ.